ತುತ್ತ

ಕಂಬ ನಲವತ್ತೊಂದು. ಹಳದಿ ಬಣ್ಣ ಬಿಸಿಲಿಗೆ ಹೊಟ್ಟೆದ್ದಿದೆ.
ತಿಕೋಟಾ ದಾಟಿ, ಡಾಂಬರು ಬಿಟ್ಟು,
ದ್ರಾಕ್ಷಿ ಪಡದ ಬದುವಿಗೆ ಬಂದು ನಿಂತಿದ್ದೇನೆ.
ಕಾಲಡಿ ಒಂದು ಮೀಟರಿಗೆ ಕೊಳವೆ,
ಒಳಗೆ ಗ್ಯಾಸು, ಸುತ್ತ ಎರೆ.

ಎರೆ ಮಣ್ಣಿಗೆ ಕಬ್ಬಿಣವೆಂದರೆ ಆಸೆ.
ಮಳೆಗೆ ಉಬ್ಬಿ ಅವಚುತ್ತದೆ, ಬೇಸಗೆಗೆ ಬಿರಿದು ಜಗ್ಗುತ್ತದೆ,
ಸುತ್ತಿದ ಟೇಪನ್ನು ವರ್ಷಗಟ್ಟಲೆ ತಡಕಾಡುತ್ತದೆ
ಮಗು ಗಾಯದ ಪಟ್ಟಿ ಕೆರೆದ ಹಾಗೆ.
ಅದಕ್ಕೇ ಬೇರೆ ಕಬ್ಬಿಣ ದೂರದಲ್ಲಿ ಹೂತು
ಸಣ್ಣ ಕರೆಂಟು ಬಿಟ್ಟು ಒಪ್ಪಂದ ಮಾಡಿದ್ದೇವೆ:
ಅದನ್ನು ತಿನ್ನು, ಇದನ್ನು ಬಿಡು.
ಆರು ತಿಂಗಳಿಗೊಮ್ಮೆ ಬಂದು ನಾನು ಕೇಳಬೇಕು
ಮಾತು ಉಳಿದಿದೆಯೇ ಎಂದು.

ನಿಯಮ ಕೇಳುವುದು ಮೈನಸ್ ಸೊನ್ನೆ ಬಿಂದು ಎಂಟು ಐದು.
ನನ್ನ ಮೀಟರಿನಲ್ಲಿ ಏಳು ಒಂದು.

ನಳಿಗೆ ಎತ್ತಿ ಬಿಸಿಲಿಗೆ ಹಿಡಿದೆ. ತಳದಲ್ಲಿ ಹರಳು ಮುಗಿದಿವೆ,
ನೀಲಿ ತೆಳುವಾಗಿದೆ. ತಪ್ಪು ಇದರದೇ ಆಗಿರಲಿ ಅಂತ
ಬೇಡಿಕೊಂಡೆ, ಸುಳ್ಳು ಯಾಕೆ ಹೇಳಲಿ.
ಇನ್ನೂ ಒಂಬತ್ತು ಕಂಬ ಬಾಕಿ ಇದ್ದವು.

ಬಳ್ಳಿ ಸಾಲಿನಿಂದ ಬಗ್ಗಿ ಬಂದಳು ಸುಗಲಾಬಾಯಿ,
ಕತ್ತರಿ ಸೊಂಟಕ್ಕೆ ಸಿಕ್ಕಿಸಿ.
"ಏನ್ ತಮ್ಮಾ, ತುತ್ತ ಇದ್ದಂಗ ಐತಲ್ಲ ಅದು?"
"ಕಾಪರ್ ಸಲ್ಫೇಟ್ರಿ."
"ಅದ ಅನ್ನು. ಮೈಲುತುತ್ತ."
ಶೆಡ್ಡಿಗೆ ಹೋಗಿ, ಡೌಣಿಗೆ ಹೊಡೆದು ಉಳಿದದ್ದು
ಹಾಳೆಯಲ್ಲಿ ಕಟ್ಟಿ ತಂದಳು.
ಶುದ್ಧ ಹರಳೇ ಬೇಕೆಂದು ಕೈಪಿಡಿಯಲ್ಲಿದೆ, ಪುಟವೂ ನೆನಪಿದೆ.
ಹಾಕಿದೆ. ಅಲುಗಿಸಿದೆ. ನೀರು ಚಿಮುಕಿಸಿದ ನೆಲಕ್ಕೆ ಊರಿದೆ.

ಏಳು ಎರಡು.

ಮೂರನೆಯ ದಿನ ಅಗೆತ. ಕೊನೆಯ ಒಂದು ಫೂಟು
ಯಂತ್ರ ಮುಟ್ಟುವಂತಿಲ್ಲ, ಸಲಿಕೆ, ಆಮೇಲೆ ಕೈ.
ಪರಸು ಮಂಡಿಯೂರಿ ಮಣ್ಣು ಸರಿಸಿದ.
ಮೊದಲು ಕಂಡದ್ದು ಕೊಳವೆಯಲ್ಲ, ಗೂಟ.
ಚಪ್ಪರದ ತಂತಿ ಎಳೆದು ಕಟ್ಟುವ ನಾಲ್ಕು ಫೂಟಿನ ಸರಳು
ಟೇಪು ಹರಿದು, ಕೊಳವೆಗೆ ಒರಗಿ ನಿಂತಿದೆ
ಗೋಡೆಗೆ ಒರಗಿ ಬೀಡಿ ಸೇದುವವನ ಗತ್ತಿನಲ್ಲಿ.

ತಂತಿ ಬ್ರಷ್ಷು. ಉದುರಿದ್ದು ಕೆಂಪು, ಅದರಡಿ ಕಪ್ಪು,
ಅದರಡಿ ಹುಣಸೆಬೀಜ ಕೂರುವಷ್ಟು ಕುಳಿ.
ಪಕ್ಕದ ಅಂಚಿಗೆ ಅಂಟು ಸವರಿ ಗೇಜು ಇಟ್ಟೆ:
ಆರು ಬಿಂದು ನಾಲ್ಕು ಇರಬೇಕಾದದ್ದು ಐದು ಬಿಂದು ಒಂದು.
ಕುಳಿಯ ಆಳ ಕಳೆದರೆ ಉಳಿದದ್ದು ಮೂರು ಬಿಂದು ಎಂಟು.
ಯಾರೂ ಮಾತಾಡಲಿಲ್ಲ. ಪರಸು ಬಾಯೊಳಗಿನ ತಂಬಾಕು
ಉಗುಳಲೂ ಮೇಲೆ ಹತ್ತಿ ಹೋದ.

ಫಾರ್ಮಿನಲ್ಲಿ 'ಹಾನಿಗೆ ಕಾರಣ' ಎರಡು ಬೆರಳಗಲ.
ಮಣ್ಣು ಎಂದು ಬರೆದರೆ ಮುಗಿಯಿತು. ಅರ್ಧ ನಿಜ.
ಗೂಟ ಎಂದರೆ ನೋಟೀಸು, ದಂಡ, ಆಫೀಸಿಗೆ ಅಲೆದಾಟ.
ಬದುವಿನ ಬೋರ್ಡು ಇಂಗ್ಲಿಷಿನಲ್ಲಿತ್ತು,
ಈಗ ಅದೂ ಇಲ್ಲ, ತಗಡು ಬಿಳಿಚಿದೆ.

"ಏನ್ ಬರದಿ?"
"ಇನ್ನಾ ಬರದಿಲ್ಲವ್ವಾ."
"ಎರೀ ಮ್ಯಾಲ ಹಾಕಬ್ಯಾಡ. ಗೂಟ ಬಡಿಸಿದಾಕಿ ನಾ.
ಠಣ್ ಅಂತು ಆವತ್ತ. ಕಲ್ಲು ಅಂದ್ರು. ನಾನೂ ಕಲ್ಲು ಅಂದೆ."
ಆಮೇಲೆ ಹಸಿರು ಪರದೆಯ ಶೆಡ್ಡಿನ ಕಡೆ ನೋಡಿ,
"ಮಣೂಕ ಒಣಗೂ ಮುಂದ ಮೊಮ್ಮಕ್ಕಳು ಅಲ್ಲೇ ಮಲಗತಾವ,"
ಅಂದಳು. ಹೆಜ್ಜೆ ಹಾಕಿ ಎಣಿಸಿದೆ. ಇಪ್ಪತ್ತಾರು.

ಬರೆದೆ. ಬೋರ್ಡಿನ ವಿಷಯವನ್ನೂ ಬರೆದೆ,
ಅದಕ್ಕೆ ಅಂಕಣವಿರಲಿಲ್ಲ, ಅಂಚಿನಲ್ಲಿ.

ಈಗ ಅಲ್ಲಿ ಉಕ್ಕಿನ ತೋಳುಪಟ್ಟಿ ತೊಟ್ಟ ಕೊಳವೆ, ಹೊಸ ಟೇಪು,
ಮತ್ತೆ ಅದೇ ಎರೆ. ಮೀಟರು ಒಂಬತ್ತು ಒಂದು.
ಗೂಟ ದೂರ ಸರಿದು, ಒಂದು ಸಾಲು ಬಳ್ಳಿ ಜೋತಿದೆ,
ದಂಡದ ಕಾಗದ ಎಲ್ಲಿಗೆ ಬಂದಿದೆಯೋ ತಿಳಿಯದು,
ನಾನು ಕೇಳಿಲ್ಲ. ಅವಳೂ ಹೇಳಿಲ್ಲ.

ಆಫೀಸಿನಿಂದ ಶುದ್ಧ ಹರಳಿನ ಪೊಟ್ಟಣ ಬಂದಿದೆ,
ಸೀಲು ಒಡೆದಿಲ್ಲ. ಚೀಲದ ತಳದಲ್ಲಿ
ಅವಳ ಹಾಳೆಯ ಪೊಟ್ಟಣ ಇನ್ನೂ ಅರ್ಧ ಇದೆ.
ಬುತ್ತಿ ಬಿಚ್ಚುವಾಗ ನೋಡುತ್ತೇನೆ,
ಉಗುರ ಸಂದಿಯಲ್ಲಿ ನೀಲಿ. ಎರಡು ಸಲ ಕೈ ತೊಳೆಯುತ್ತೇನೆ.